ಸ್ತನ ಕ್ಯಾನ್ಸರ್ ಆದಮೇಲೆ ಗಂಡನ ಜೊತೆ ಸೇರಿದರೆ ಉರಿ, ನೋವು. ಮಾತ್ರೆ ಬಿಡಲೇ, ಇಲ್ಲ ಇದನ್ನೇ ಬಿಡಲೇ?

ಅಕ್ಕಾ, ಎರಡನ್ನೂ ಬಿಡಬೇಡಿ. ಭಾಲ್ಕಿಯಿಂದ ಬರೆದಿದ್ದೀರಿ. ವಯಸ್ಸು 55, ಆಪರೇಷನ್ ಆಗಿ ಎರಡು ವರ್ಷ, ಈಗ ಕ್ಯಾನ್ಸರ್ ವಾಪಸ್ ಬರದಂತೆ ಕೊಡುವ ಲೆಟ್ರೊಜೋಲ್ ಮಾತ್ರೆ. ಸೇರಿದಾಗ ಉರಿ, ಆಮೇಲೆ ಎರಡು ದಿನ ಮೂತ್ರಕ್ಕೂ ಉರಿ. ಡಾಕ್ಟರಿಗೆ ಹೇಳಲು ನಾಚಿಕೆ. ಓದುತ್ತಿದ್ದಂತೆ ನನ್ನ ಹಳೇ ದಿನಗಳನ್ನೇ ಯಾರೋ ಬರೆದಿಟ್ಟ ಹಾಗಾಯಿತು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದಕ್ಕೆ ಏನಾಯಿತು ಅಂತ ಮೊದಲು ಕೇಳಿ.

ನಾನು ಕಲಬುರಗಿಯವಳು, ಪ್ರಾಥಮಿಕ ಶಾಲೆ ಟೀಚರ್. ನಮ್ಮ ಮನೆಯವರು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. 48ನೇ ವಯಸ್ಸಿಗೆ ಎಡ ಎದೆಯಲ್ಲಿ ಗಂಟು ಸಿಕ್ಕಿತು. ಎದೆ ತೆಗೆದರು, ಕೀಮೋ ಕೊಟ್ಟರು, ರೇಡಿಯೇಷನ್ ಆಯಿತು. ಎರಡನೇ ಕೀಮೋಗೇ ಮುಟ್ಟು ನಿಂತಿತು. ಆಮೇಲೆ ಅದೇ ಕೆಲಸಕ್ಕೆ ಟ್ಯಾಮಾಕ್ಸಿಫೆನ್ ಅನ್ನುವ ಮಾತ್ರೆ, ದಿನಕ್ಕೊಂದು, ಕನಿಷ್ಠ 5 ವರ್ಷ. ಇಲ್ಲಿವರೆಗಿನ ಕತೆ ನಿಮಗೂ ಗೊತ್ತಿರುವಂಥದ್ದೇ.

ಯಾರೂ ಹೇಳದೇ ಇದ್ದದ್ದು ಅದರ ಮುಂದಿನದು. ಕೆಳಗೆಲ್ಲ ಒಣಗಿ ಹೋಯಿತು. ಕೆಳಗೆ ಅಂದರೆ ಯೋನಿ. ಆ ಪದ ಬರೆದೇ ಬರೆಯುತ್ತೇನೆ, ಯಾಕಂದರೆ "ಅಲ್ಲಿ", "ಕೆಳಗೆ" ಅಂತ ಮುಚ್ಚಿಟ್ಟೇ ನಾನು ಕೆಟ್ಟೆ. ಸೇರಿದಾಗ ಗಾಯಕ್ಕೆ ಖಾರ ಬಿದ್ದ ಹಾಗೆ ಉರಿಯುತ್ತಿತ್ತು. ಒಮ್ಮೊಮ್ಮೆ ಒಂದೆರಡು ಹನಿ ರಕ್ತ ಬರುತ್ತಿತ್ತು. ಆ ವರ್ಷ ಬೇಸಿಗೆಗೆ ಇವರು ಮಾಳಿಗೆ ಮೇಲೆ ಹಾಸಿಗೆ ಹಾಕಿಕೊಂಡರು. ನಮ್ಮೂರ ಬಿಸಿಲಿಗೆ ಎಲ್ಲರೂ ಮೇಲೇ ಮಲಗುತ್ತಾರೆ, ಅದರಲ್ಲಿ ಹೊಸದೇನಿಲ್ಲ. ಆದರೆ ಮಳೆಗಾಲ ಬಂದರೂ ಇವರು ಕೆಳಗೆ ಬರಲಿಲ್ಲ. ಮೇಲಿನ ಸಣ್ಣ ಖೋಲಿಯಲ್ಲಿ ಚಾಪೆ ಹಾಸಿಕೊಂಡರು. ಎದೆ ಇಲ್ಲದವಳ ಪಕ್ಕ ಮಲಗಲು ಮನಸ್ಸಿಲ್ಲ ಅಂದುಕೊಂಡೆ. ಕೇಳಲಿಲ್ಲ. ಅವರೂ ಹೇಳಲಿಲ್ಲ.

ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುವಾಗ ಮೈದುನ ಜೊತೆಗೆ ಬರುತ್ತಿದ್ದ. ಒಳ್ಳೆಯ ಹುಡುಗ, ಫೈಲು, ರಿಪೋರ್ಟು ಎಲ್ಲ ಅವನೇ ಹಿಡಿಯುತ್ತಿದ್ದ. ಡಾಕ್ಟರು ಪ್ರತಿ ಸಲ ಒಂದೇ ಮಾತು ಕೇಳುತ್ತಿದ್ದರು: "ಮತ್ತೇನರ ತ್ರಾಸ ಅದ ಏನ್ರಿ?" ನಾನು ಮೈದುನನ ಮುಖ ನೋಡಿ, "ಏನಿಲ್ರಿ ಸರ" ಅನ್ನುತ್ತಿದ್ದೆ. ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರತಿ ಸಲ ಇದೇ ಉತ್ತರ. ನಾನು ಮಾಡಿದ ತಪ್ಪು ಇದೊಂದೇ. ಆದರೆ ಇದರಿಂದ ಏನಾಯಿತು ಅಂತ ಬಿಡಿಸಿ ಹೇಳಬೇಕು.

51 ತುಂಬಿದ ಮೇಲೆ ಮತ್ತೆ ರಕ್ತ ಕಾಣಿಸಿತು. ಈ ಸಲ ಸೇರಿದ್ದಕ್ಕಲ್ಲ, ಸುಮ್ಮಸುಮ್ಮನೆ. ಒಂದು ದಿನ ಇರುತ್ತಿತ್ತು, ಹದಿನೈದು ದಿನ ಇರುತ್ತಿರಲಿಲ್ಲ. ನಾನೇ ಎರಡು ಕಾರಣ ಹುಡುಕಿಕೊಂಡೆ. ಒಂದು, ಒಣಗಿದ ಚರ್ಮ ಹರಿದಿರಬೇಕು, ಮೊದಲೂ ಹಾಗೆ ಆಗಿತ್ತಲ್ವಾ. ಇನ್ನೊಂದು, ಮುಟ್ಟು ಮರಳಿ ಬಂದಿರಬೇಕು. ನಿಜ ಹೇಳಲೇ? ಎರಡನೆಯದು ನೆನೆದು ನನಗೆ ಒಳಗೊಳಗೇ ಖುಷಿಯಾಗಿತ್ತು. ಮೈ ಮತ್ತೆ ಮೊದಲಿನ ಹಾಗಾಗುತ್ತಿದೆ ಅನಿಸಿತ್ತು. ಹಳೇ ಹತ್ತಿ ಸೀರೆ ಹರಿದು ಬಟ್ಟೆ ಮಾಡಿಕೊಂಡೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಸಣ್ಣ ಚುಕ್ಕೆ ಇಡುತ್ತಾ ಹೋದೆ. ನೋಡಿದವರು ಹಾಲು ತಗೊಳ್ಳದ ದಿನ ಅಂದುಕೊಳ್ಳಬೇಕು, ಅಷ್ಟು ಸಣ್ಣ ಚುಕ್ಕೆ. ಏಳು ತಿಂಗಳಲ್ಲಿ 19 ಚುಕ್ಕೆ.

ನೋವಿನ ವಿಷಯ ಮೊದಲೇ ಡಾಕ್ಟರಿಗೆ ಹೇಳಿದ್ದರೆ ಅವರು ಆಗಲೇ ಪರೀಕ್ಷೆ ಮಾಡುತ್ತಿದ್ದರು. ರಕ್ತ ಕಂಡರೆ ತಕ್ಷಣ ಬಾ ಅನ್ನುತ್ತಿದ್ದರು. ನೋವನ್ನು ಮುಚ್ಚಿಟ್ಟಿದ್ದೆ, ಹಾಗಾಗಿ ರಕ್ತವನ್ನೂ ಅದರ ಲೆಕ್ಕಕ್ಕೇ ಹಾಕಿ ಮುಚ್ಚಿಟ್ಟೆ. ಒಂದನ್ನು ಬಚ್ಚಿಟ್ಟರೆ ಎರಡನೆಯದು ಅದರ ಹಿಂದೆಯೇ ಅಡಗುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ. ಟ್ಯಾಮಾಕ್ಸಿಫೆನ್ ಎರಡು ಕಡೆ ಎರಡು ಥರ ಕೆಲಸ ಮಾಡುತ್ತದೆ. ಎದೆಯಲ್ಲಿ ಈಸ್ಟ್ರೋಜೆನ್ ಹಾರ್ಮೋನನ್ನು ತಡೆಯುತ್ತದೆ. ಗರ್ಭಚೀಲದಲ್ಲಿ ಮಾತ್ರ ತಾನೇ ಈಸ್ಟ್ರೋಜೆನ್ ಥರ ವರ್ತಿಸಿ ಒಳಪದರವನ್ನು ಬೆಳೆಸುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಇದರಿಂದ ಗರ್ಭಚೀಲದ ಕ್ಯಾನ್ಸರ್ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು. ಒಂದು ವರ್ಷ ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಬೇಕು. ಕೆಂಪೇ ಇರಬೇಕಂತಿಲ್ಲ, ಕಂದು ಕಲೆ ಆದರೂ ಸರಿ.

ಕೊನೆಗೆ ಕಂಡುಹಿಡಿದದ್ದು ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಾಕೆ. ಸೀರೆ ಹಿಂದೆ ಕಲೆ ನೋಡಿ ನನ್ನನ್ನು ಅಡುಗೆ ಕೋಣೆಗೆ ಕರೆದು, "ಮೇಡಂ, ನಿಮ್ದು ನಿಂತು ಎರಡ್ ವರ್ಷ ಆಗ್ಯದ ಅಂದಿದ್ರಿ. ಮತ್ತ ಇದೇನ್ರಿ?" ಅಂದಳು. ಅವತ್ತೇ ಸಂಜೆ ಅವಳೇ ನನ್ನನ್ನು ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಒಳಗಿನಿಂದ ಸ್ಕ್ಯಾನ್ ಮಾಡಿದರು. ಮುಂದಿನ ವಾರ ಗರ್ಭಚೀಲದೊಳಗೆ ಸಣ್ಣ ಕ್ಯಾಮೆರಾ ಇಳಿಸಿ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಒಳಪದರ ದಪ್ಪಗಾಗಿ, ಅದರ ಜೀವಕೋಶಗಳು ಕೆಡಲು ಶುರುವಾಗಿದ್ದವು. ಇನ್ನೂ ಕ್ಯಾನ್ಸರ್ ಅಲ್ಲ, ಬಿಟ್ಟರೆ ಆಗಬಹುದಾದದ್ದು. ಗರ್ಭಚೀಲ, ಅಂಡಾಶಯ ಎರಡೂ ತೆಗೆದರು.

ಅದೇ ತಿಂಗಳು ಮಗಳ ಚೊಚ್ಚಲ ಹೆರಿಗೆ. ತವರಿಗೆ ಬಂದಿದ್ದಳು. ನಾನು ಭಾರ ಎತ್ತುವ ಹಾಗಿರಲಿಲ್ಲ, ಕೂತೇಳುವುದೇ ಕಷ್ಟ. ಕೂಸಿಗೆ ದಿನಾ ಎರೆದದ್ದು ನನ್ನ ಅಕ್ಕ. ನಾನು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ನೋಡುತ್ತಿದ್ದೆ. ಮೊಮ್ಮಗನಿಗೆ ಈಗ ಎರಡು ವರ್ಷ. ಆ ಕುರ್ಚಿ ನೋಡಿದರೆ ಇವತ್ತಿಗೂ ನನಗೆ ಆ ದಿನಗಳೇ ನೆನಪಾಗುತ್ತವೆ.

ಆಪರೇಷನ್ ಆದಮೇಲೆ ನನ್ನ ಮಾತ್ರೆ ಬದಲಿಸಿ ಲೆಟ್ರೊಜೋಲ್ ಕೊಟ್ಟರು. ಅಂದರೆ ಈಗ ನಿಮ್ಮದೂ ನನ್ನದೂ ಒಂದೇ ಮಾತ್ರೆ. ಇದು ಗರ್ಭಚೀಲದ ಪದರ ಬೆಳೆಸುವುದಿಲ್ಲ, ಆ ಭಯ ನಿಮಗೆ ಬೇಡ. ಆದರೂ ರಕ್ತ ಕಂಡರೆ ತೋರಿಸಿ. ಇದರ ತ್ರಾಸ ಬೇರೆ. ಮೈಯಲ್ಲಿ ಈಸ್ಟ್ರೋಜೆನ್ ತಯಾರಾಗುವುದನ್ನೇ ತಡೆಯುತ್ತದೆ, ಹಾಗಾಗಿ ಒಣಗುವುದು ಟ್ಯಾಮಾಕ್ಸಿಫೆನ್‌ಗಿಂತ ಜಾಸ್ತಿ. ಯೋನಿಯ ಚರ್ಮ ದಪ್ಪಗೆ, ಹಸಿಯಾಗಿ ಇರುವುದೇ ಆ ಹಾರ್ಮೋನಿನಿಂದ. ಅದು ಇಲ್ಲದಿದ್ದರೆ ಚರ್ಮ ತೆಳುವಾಗುತ್ತದೆ, ತಿಕ್ಕಿದರೆ ಹರಿಯುತ್ತದೆ, ಮೂತ್ರದ ಸೋಂಕು ಬೇಗ ಹತ್ತುತ್ತದೆ. ನಿಮ್ಮ ಮನಸ್ಸು ಬದಲಾಗಿದೆ ಅಂತಲ್ಲ, ಗಂಡನ ಮೇಲೆ ಪ್ರೀತಿ ಕಮ್ಮಿಯಾಗಿದೆ ಅಂತಲೂ ಅಲ್ಲ.

ಈ ಸಲ ಲೇಡಿ ಡಾಕ್ಟರು ನೇರವಾಗಿ ಕೇಳಿದರು, "ಕೂಡುವಾಗ ನೋವಾಗ್ತದ ಏನ್ರಿ?" ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಎಲ್ಲ ಹೇಳಿದೆ. ಎರಡು ವರ್ಷ ನುಂಗಿಕೊಂಡಿದ್ದು ಹೇಳಿ ಮುಗಿಸಲು ಐದು ನಿಮಿಷ ಸಾಕಾಯಿತು.

ಅವರು ಎರಡು ಬೇರೆ ಬೇರೆ ವಸ್ತು ಬರೆದುಕೊಟ್ಟರು, ಅದನ್ನೇ ಎಲ್ಲರೂ ಒಂದೇ ಅಂದುಕೊಳ್ಳುತ್ತಾರೆ. ಒಂದು ಯೋನಿಗೆ ಹಚ್ಚುವ ಮಾಯಿಶ್ಚರೈಸರ್, ಹಾರ್ಮೋನ್ ಇಲ್ಲದ್ದು. ಗಂಡನ ಜೊತೆ ಸೇರಲಿ ಬಿಡಲಿ, ವಾರಕ್ಕೆ ಎರಡು ಮೂರು ಸಲ ರಾತ್ರಿ ಹಚ್ಚಬೇಕು. ಮುಖಕ್ಕೆ ಕ್ರೀಮ್ ಹಚ್ಚುವ ಹಾಗೆ ಅದನ್ನು ರೂಢಿ ಮಾಡಿಕೊಳ್ಳಬೇಕು. ಇನ್ನೊಂದು ಜಾರುವ ಜೆಲ್ಲಿ, ಸೇರುವ ಹೊತ್ತಿಗೆ ಮಾತ್ರ. ನೀರಿನಂಶದ್ದು ಅಥವಾ ಸಿಲಿಕೋನ್‌ನದು ಕೇಳಿ. ಸುವಾಸನೆ ಇರುವುದು, ಬಿಸಿ ಅನಿಸುವುದು ಬೇಡ, ಉರಿ ಹೆಚ್ಚಾಗುತ್ತದೆ. ನಾನು ಮೊದಲ ವಾರ ಹಚ್ಚಿ ಏನೂ ಆಗಲಿಲ್ಲ ಅಂತ ಬಿಡಲಿದ್ದೆ. ಎರಡು ತಿಂಗಳ ಹೊತ್ತಿಗೆ ವ್ಯತ್ಯಾಸ ತಿಳಿಯಿತು. ಸೋಪು, ಡೆಟಾಲ್ ಹಾಕಿ ಒಳಗೆ ತೊಳೆಯುವುದನ್ನು ಅವತ್ತೇ ನಿಲ್ಲಿಸಲು ಹೇಳಿದರು. ಬರೀ ನೀರು ಸಾಕು. ನೋವಿನ ಭಯಕ್ಕೆ ಒಳಗಿನ ಸ್ನಾಯು ಬಿಗಿಯಾಗಿದ್ದರೆ ಅದನ್ನು ಸಡಿಲಿಸುವ ವ್ಯಾಯಾಮ, ಡೈಲೇಟರ್ (ಯೋನಿಯನ್ನು ನಿಧಾನಕ್ಕೆ ಹಿಗ್ಗಿಸುವ ನುಣುಪಾದ ಸಾಧನ) ಇವೆ, ಅದನ್ನೂ ಡಾಕ್ಟರೇ ಕಲಿಸುತ್ತಾರೆ.

ಗೆಳತಿ ಹೇಳಿದ ಈಸ್ಟ್ರೋಜೆನ್ ಕ್ರೀಮ್ ಔಷಧಿ ಅಂಗಡಿಯಿಂದ ತಂದು ಹಚ್ಚಲೇ ಅಂತ ಕೇಳಿದ್ದೀರಿ. ಬೇಡ, ನೀವಾಗಿ ತರಬೇಡಿ. ಅದು ಯಾವತ್ತೂ ಮುಟ್ಟಬಾರದ್ದು ಅಂತ ನಾನು ಹೇಳುತ್ತಿಲ್ಲ. ಹಾರ್ಮೋನ್ ಇಲ್ಲದ್ದು ಸರಿಯಾಗಿ ಹಚ್ಚಿಯೂ ಕೈಗೂಡದಿದ್ದರೆ, ಕ್ಯಾನ್ಸರ್ ಡಾಕ್ಟರು, ಲೇಡಿ ಡಾಕ್ಟರು ಇಬ್ಬರೂ ಮಾತಾಡಿಕೊಂಡು ಕೆಲವರಿಗೆ ತೀರಾ ಕಡಿಮೆ ಪ್ರಮಾಣದ್ದು ಕೊಡುವುದುಂಟು. ಲೆಟ್ರೊಜೋಲ್ ತಗೊಳ್ಳುವವರಲ್ಲಿ ಇನ್ನೂ ಎಚ್ಚರ ಬೇಕು. ಈಸ್ಟ್ರೋಜೆನ್ ಇರುವ, ನುಂಗುವ ಹಾರ್ಮೋನ್ ಮಾತ್ರೆಯ ವಿಷಯ ಬೇರೆಯೇ. ಸ್ತನ ಕ್ಯಾನ್ಸರ್ ಆದವರಿಗೆ ಅದನ್ನು ಕೊಟ್ಟು ನೋಡಿದ ಹ್ಯಾಬಿಟ್ಸ್ ಎಂಬ ಅಧ್ಯಯನವನ್ನು, ರೋಗ ಮರುಕಳಿಸುವುದು ಹೆಚ್ಚಾಯಿತು ಅಂತ 2003ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಯಾರಾದರೂ "ಮೈ ಬಿಸಿ ಏರುವುದಕ್ಕೆ" ಅಂತ ಅಂಥ ಮಾತ್ರೆ ಕೊಟ್ಟರೆ ತಗೊಳ್ಳಬೇಡಿ.

ಇನ್ನು ಲೆಟ್ರೊಜೋಲ್ ಆರು ತಿಂಗಳು ಬಿಟ್ಟು ನೋಡಲೇ ಅಂತ ಕೇಳಿದ್ದೀರಿ. ಇದನ್ನು ನಾನು ಗಟ್ಟಿಯಾಗಿಯೇ ಬೇಡ ಅನ್ನುತ್ತೇನೆ. ಕ್ಯಾನ್ಸರ್ ವಾಪಸ್ ಬರದಂತೆ ಕಾಯುತ್ತಿರುವುದು ಅದೇ ಮಾತ್ರೆ. ತ್ರಾಸ ತಡೆಯಲಾಗದಿದ್ದರೆ ಬೇರೆ ಮಾತ್ರೆಗೆ ಬದಲಿಸುವ ದಾರಿ ಇದೆ, ಡಾಕ್ಟರಿಗೆ ಹೇಳಿದರೆ ತಾನೇ ಬದಲಿಸುವುದು?

"ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ, ಬಿಟ್ಟುಬಿಡಲೇ" ಅಂತಲೂ ಬರೆದಿದ್ದೀರಿ. ನಿಮಗೇ ಬೇಡ ಅನಿಸಿದರೆ ಬಿಡಿ, ಅದು ನಿಮ್ಮ ಇಷ್ಟ. ನೋವಿಗೆ ಹೆದರಿ ಬಿಡಬೇಡಿ, ಯಾರೋ ಏನೋ ಅಂದಾರು ಅಂತ ಬಿಡಬೇಡಿ. ಗಂಡನಿಗೂ ಒಂದು ಮಾತು ಹೇಳಿ. ನಾನು ಜೆಲ್ಲಿ ತಂದ ದಿನ ಇವರಿಗೆ ತೋರಿಸಿ, ನೋವಾಗುತ್ತಿತ್ತು ಅಂತ ಮೊದಲ ಸಲ ಬಾಯಿಬಿಟ್ಟು ಹೇಳಿದೆ. "ಗೊತ್ತದ. ನಾ ಮುಟ್ಟಿದ್ರ ನಿನಗ ತ್ರಾಸ ಆಗ್ತದಂತೇ ಮ್ಯಾಲ ಮಲಗ್ತಿದ್ದೆ" ಅಂದರು. ಜೊತೆ ಮಲಗಿದರೆ ಕ್ಯಾನ್ಸರ್ ಕೆದಕಿದ ಹಾಗೆ ಅಂತ ಮಿಲ್ಲಿನಲ್ಲಿ ಯಾರೋ ಹೇಳಿದ್ದೂ ಅವರ ತಲೆಯಲ್ಲಿತ್ತಂತೆ. ಹಾಗೇನೂ ಇಲ್ಲ, ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಸೇರಿದ್ದಕ್ಕೆ ಮರಳಿಯೂ ಬರುವುದಿಲ್ಲ. ಆಮೇಲೆ ಒಂದು ವಾರಕ್ಕೆ ಹಾಸಿಗೆ ಕೆಳಗೆ ಬಂತು.

ಇದನ್ನು ಓದುವ ಚಿಕ್ಕ ವಯಸ್ಸಿನ ತಂಗಿಯರಿಗೆ ಒಂದು ಮಾತು. ಟ್ಯಾಮಾಕ್ಸಿಫೆನ್ ತಗೊಳ್ಳುವಾಗ ಮುಟ್ಟು ಬರದಿದ್ದರೂ ಗರ್ಭ ನಿಲ್ಲಬಹುದು, ಮಾತ್ರೆಯಿಂದ ಮಗುವಿಗೆ ತೊಂದರೆ. ಗರ್ಭನಿರೋಧಕ ಮಾತ್ರೆ ನಿಮಗೆ ಆಗುವುದಿಲ್ಲ. ಕಾಪರ್‌ಟಿ ಅಥವಾ ಕಾಂಡೋಮ್ ಬಗ್ಗೆ ಕೇಳಿ. ಕಾಂಡೋಮ್ ಜೊತೆ ಕೊಬ್ಬರಿ ಎಣ್ಣೆ ಹಚ್ಚಬೇಡಿ, ಹರಿಯುತ್ತದೆ. ರಕ್ತಸ್ರಾವ ಇಲ್ಲದಿದ್ದರೆ ಭಯಕ್ಕೆ ಪದೇ ಪದೇ ಗರ್ಭಚೀಲದ ಸ್ಕ್ಯಾನ್ ಮಾಡಿಸುವುದೂ ಬೇಡ.

ಅಕ್ಕಾ, ನಿಮಗೆ ಬೀದರಿನ ಬ್ರಿಮ್ಸ್ ಸರ್ಕಾರಿ ಆಸ್ಪತ್ರೆ ಹತ್ತಿರ, ಅಲ್ಲಿ ಸ್ತ್ರೀರೋಗ ವಿಭಾಗ ಇದೆ. ಕಲಬುರಗಿಗೆ ಬರುವುದಾದರೆ ಜಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆಯೂ ಇದೆ. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ. ಬಾಯಿಂದ ಬರದಿದ್ದರೆ ಒಂದು ಚೀಟಿಯಲ್ಲಿ ಇಷ್ಟು ಬರೆದು ಫೈಲಿನ ಮೇಲಿಟ್ಟು ಕೊಡಿ: "ಲೆಟ್ರೊಜೋಲ್ ತಗೋತೀನಿ. ಯೋನಿ ಒಣಗಿದೆ. ಸೇರುವಾಗ ನೋವು, ಆಮೇಲೆ ಮೂತ್ರಕ್ಕೆ ಉರಿ. ರಕ್ತ ಬಂದಿಲ್ಲ." ಬಂದಿದ್ದರೆ ಯಾವ ತಾರೀಕು ಅಂತಲೂ ಬರೆಯಿರಿ.