ಅಚ್ಚಿಗೆ ಹೋಗುವ ಮುಂಚಿನ ಚಿತ್ರ

ಪ್ರಶ್ನೆ: ಮೇಡಂ, ‘ಪೀನಟ್ಸ್’ ಕಾಮಿಕ್ ಸ್ಟ್ರಿಪ್ ಅಂದರೆ ನನಗೆ ಪ್ರಾಣ. ಅದರ ಸಂಪುಟಗಳು ಸುಮಾರಷ್ಟು ನನ್ನ ಹತ್ತಿರ ಇವೆ. ಈಗ ಅದನ್ನು ಬರೆದ ಚಾರ್ಲ್ಸ್ ಶುಲ್ಜ್ ಅವರ ಕಲೆಯ ಬಗ್ಗೆ ಒಂದು ದೊಡ್ಡ ಆರ್ಟ್ ಬುಕ್ ನೋಡಿದೆ. ಬೆಲೆ ಜಾಸ್ತಿ. ಇರುವ ಸ್ಟ್ರಿಪ್‌ಗಳನ್ನೇ ದೊಡ್ಡದು ಮಾಡಿ ಹಾಕಿದ್ದಾರೇನೋ ಅನ್ನಿಸಿತು. ತಗೊಳ್ಳಬಹುದಾ?

ಉತ್ತರ: ದುಡ್ಡು ಕೊಡುವ ಮುಂಚೆ ಮಧ್ಯದ ಯಾವುದಾದರೂ ಪುಟ ತೆಗೆದು ಕಾಗದದ ಬಣ್ಣ ನೋಡಿ. ಹಿನ್ನೆಲೆ ಅಪ್ಪಟ ಬಿಳಿ, ಗೆರೆ ಅಪ್ಪಟ ಕಪ್ಪು ಇದ್ದರೆ ನಿಮ್ಮ ಅನುಮಾನ ಸರಿ. ನಿಮ್ಮ ಸಂಪುಟದಲ್ಲಿ ಇರುವುದೇ ಅಲ್ಲೂ ಇದೆ. ಕಾಗದ ತುಸು ಹಳದಿಗೆ ತಿರುಗಿದೆ, ಪೆನ್ಸಿಲ್ ಗುರುತು ಅಲ್ಲಲ್ಲಿ ಉಳಿದಿದೆ ಅಂತಾದರೆ, ಮೂಲ ಚಿತ್ರವನ್ನೇ ಬಣ್ಣದಲ್ಲಿ ಫೋಟೊ ತೆಗೆದಿದ್ದಾರೆ. ಹಾಗಿದ್ದರೆ ಧಾರಾಳವಾಗಿ ತಗೊಳ್ಳಿ.

ಯಾಕೆ ಅಂದರೆ, ಪತ್ರಿಕೆಯ ಅಚ್ಚಿಗೆ ಕಪ್ಪು ಗೊತ್ತು, ಖಾಲಿ ಗೊತ್ತು, ನಡುವಿನದು ಗೊತ್ತಿಲ್ಲ. ಮೂಲ ಚಿತ್ರದಲ್ಲಿ ಕಪ್ಪು ಅನ್ನುವುದು ಒಂದೇ ಸಮ ಇರುವುದಿಲ್ಲ. ಬ್ರಷ್‌ನಲ್ಲಿ ತುಂಬಿದ ಜಾಗದಲ್ಲಿ ಇಂಕು ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು. ತಿದ್ದಿದ ಕಡೆ ಬಿಳಿ ಬಣ್ಣ ಬಳಿದಿರುತ್ತಾರೆ. ಮಾತು ಬದಲಾಯಿಸಬೇಕು ಅನ್ನಿಸಿದರೆ ಬೇರೆ ಕಾಗದದಲ್ಲಿ ಬರೆದು ಮೇಲೆ ಅಂಟಿಸುವುದೂ ಉಂಟು. ಇವೆಲ್ಲ ಅಚ್ಚಿನಲ್ಲಿ ಮಾಯವಾಗುತ್ತವೆ. ನಾನೂ ಪತ್ರಿಕೆಗಳಿಗೆ ಚಿತ್ರ ಬರೆಯುವವಳು. ಇನ್ನೊಬ್ಬರು ಎಲ್ಲಿ ತಡವರಿಸಿದರು, ಎಲ್ಲಿ ಒಂದೇ ಏಟಿಗೆ ಗೆರೆ ಎಳೆದರು ಅನ್ನುವುದು ನನಗೆ ಕಾಣುವುದು ಇಂಥ ಪುಟಗಳಲ್ಲೇ.

ಶುಲ್ಜ್ ವಿಷಯದಲ್ಲಂತೂ ಇದಕ್ಕೆ ಇನ್ನೂ ಬೆಲೆ ಇದೆ. ‘ಪೀನಟ್ಸ್’ ಶುರುವಾಗಿದ್ದು 1950ರ ಅಕ್ಟೋಬರ್ 2ಕ್ಕೆ, ಅಮೆರಿಕದ ಏಳು ಪತ್ರಿಕೆಗಳಲ್ಲಿ. ಕೊನೆಯದು ಅಚ್ಚಾಗಿದ್ದು 2000ದ ಫೆಬ್ರುವರಿ 13ಕ್ಕೆ. ಒಟ್ಟು 17,897 ಸ್ಟ್ರಿಪ್. ದಿನಪತ್ರಿಕೆಯ ಕೆಲಸಕ್ಕೆ ಸಹಾಯಕರನ್ನು ಇಟ್ಟುಕೊಳ್ಳುವುದು ಆಗ ಮಾಮೂಲು. ಒಬ್ಬರು ಹಿನ್ನೆಲೆ, ಇನ್ನೊಬ್ಬರು ಅಕ್ಷರ, ಹೀಗೆ. ಶುಲ್ಜ್ ಯಾರನ್ನೂ ಇಟ್ಟುಕೊಳ್ಳಲಿಲ್ಲ. ಯೋಚನೆ, ಪೆನ್ಸಿಲ್, ಇಂಕು, ಅಕ್ಷರ, ಎಲ್ಲ ಅವರದೇ. ಸುಮಾರು ಐವತ್ತು ವರ್ಷ ಒಂದೇ ಕೈ ಹೇಗೆ ಬದಲಾಯಿತು ಅಂತ ನೋಡಲು ಇಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಕಾಣದು.

ಸಂಪುಟದಲ್ಲಿ ದಿನದ ಹಿಂದೆ ದಿನ ಓದುತ್ತಾ ಹೋದರೆ ಆ ಬದಲಾವಣೆ ಕಣ್ಣಿಗೆ ಬೀಳುವುದೇ ಇಲ್ಲ. ಆರ್ಟ್ ಬುಕ್‌ನಲ್ಲಿ 1950 ಮತ್ತು 1960 ಅಕ್ಕಪಕ್ಕ ಕೂತಿರುತ್ತವೆ. ಮೊದಮೊದಲ ಸ್ನೂಪಿ ನಾಲ್ಕು ಕಾಲಲ್ಲಿ ಓಡಾಡುವ ಸಾಧಾರಣ ನಾಯಿಮರಿ. ಐವತ್ತರ ದಶಕ ಮುಗಿಯುವ ಹೊತ್ತಿಗೆ ಎರಡು ಕಾಲ ಮೇಲೆ ನಿಂತು ಕುಣಿಯುತ್ತಿದೆ. ಸ್ಟ್ರಿಪ್‌ನ ಮುಖ್ಯ ಪಾತ್ರವಾದ ಹುಡುಗ ಚಾರ್ಲಿ ಬ್ರೌನ್ ಅಂಗಿಯ ಅಂಕುಡೊಂಕು ಪಟ್ಟಿಯೂ ಮೊದಲ ದಿನ ಇರಲಿಲ್ಲ, ಅದು ಬಂದಿದ್ದು 1950ರ ಡಿಸೆಂಬರ್‌ನಲ್ಲಿ. ಇನ್ನೂ ಹಿಂದೆ ಹೋದರೆ, ಸೇಂಟ್ ಪಾಲ್ ಊರಿನ ಪತ್ರಿಕೆಗೆ 1947ರಿಂದ ಅವರು ಬರೆಯುತ್ತಿದ್ದ ‘ಲಿಲ್ ಫೋಕ್ಸ್’ ಅನ್ನುವ ಕಾರ್ಟೂನ್ ಸಿಗುತ್ತದೆ. ಇವು ಇರುವ ಪುಸ್ತಕವನ್ನೇ ಆರಿಸಿಕೊಳ್ಳಿ.

ಇನ್ನೊಂದು ಮಾತು. ಬಹಳ ವರ್ಷ ದಿನದ ಸ್ಟ್ರಿಪ್‌ನ ನಾಲ್ಕೂ ಚೌಕ ಒಂದೇ ಅಳತೆ ಇದ್ದುದನ್ನು ನೀವು ಗಮನಿಸಿರಬಹುದು. ಅದು ಶುಲ್ಜ್ ಹಠ ಅಲ್ಲ. ಸಂಪಾದಕರು ಅದನ್ನು ಉದ್ದಕ್ಕೆ ಹಾಕಬಹುದು, ಒಂದರ ಕೆಳಗೊಂದು ಹಾಕಬಹುದು, ಎರಡರ ಮೇಲೆ ಎರಡೂ ಕೂರಿಸಬಹುದು. ಜಾಗ ಉಳಿಸುವ ಸ್ಟ್ರಿಪ್ ಅಂತಲೇ ಅದನ್ನು ಪತ್ರಿಕೆಗಳಿಗೆ ಮಾರಿದರು. ಅಷ್ಟು ಸಣ್ಣ ಜಾಗದಲ್ಲಿ ಜಾಸ್ತಿ ಬರೆದರೆ ಏನೂ ಕಾಣುವುದಿಲ್ಲ, ಅಲ್ವಾ? ಹಾಗಾಗಿ ಪುಟ ತಿರುವಿದಂತೆ ಸೋಫಾ, ದೀಪ, ಕಿಟಕಿ ಒಂದೊಂದಾಗಿ ಕಡಿಮೆಯಾಗುತ್ತವೆ. ಉಳಿಯುವುದು ಒಂದು ಗೋಡೆ, ಒಂದಿಷ್ಟು ಹುಲ್ಲು, ಎರಡು ಮಕ್ಕಳು. ಆ ಹುಲ್ಲನ್ನು ಹತ್ತಿರದಿಂದ ನೋಡಿ. ಎಸ್ಟರ್‌ಬ್ರುಕ್ ಕಂಪನಿಯ 914 ನಂಬರಿನ ನಿಬ್ಬು ಅವರದು. ಒತ್ತಿದರೆ ಗೆರೆ ದಪ್ಪ, ಕೈ ಹಗುರ ಮಾಡಿದರೆ ಸಪೂರ. ಆ ನಿಬ್ಬು ತಯಾರಾಗುವುದು ನಿಲ್ಲುತ್ತದೆ ಅಂತ ಗೊತ್ತಾದಾಗ ಉಳಿದ ಸರಕನ್ನೆಲ್ಲ ಕೊಂಡಿಟ್ಟುಕೊಂಡರು. ದೊಡ್ಡ ಪುಟದಲ್ಲಿ ಮಳೆಯ ಚಿತ್ರ ಸಿಕ್ಕರೆ, ಕಾರಣ ನಿಮಗೇ ಗೊತ್ತಾಗುತ್ತದೆ.

ಪ್ರಶ್ನೆ: ಇನ್ನೊಬ್ಬ ಸ್ಟ್ರಿಪ್ ಕಲಾವಿದರ ಪುಸ್ತಕದಲ್ಲಿ ಮೂಲ ಚಿತ್ರಗಳ ತುಂಬ ತಿಳಿನೀಲಿ ಗೆರೆಗಳಿವೆ. ಅಳಿಸದೆ ಹಾಗೇ ಕಳಿಸುತ್ತಿದ್ದರಾ?

ಉತ್ತರ: ಹೌದು, ಬೇಕೆಂದೇ. ಗೆರೆಚಿತ್ರ ಅಚ್ಚು ಮಾಡಲು ಬಳಸುತ್ತಿದ್ದ ಫಿಲ್ಮಿಗೆ ತಿಳಿನೀಲಿ ಬಣ್ಣ ಬಿಳಿಯ ಹಾಗೇ ಕಾಣುತ್ತಿತ್ತು. ನೀಲಿ ಪೆನ್ಸಿಲ್‌ನಲ್ಲಿ ಕರಡು ಹಾಕಿ, ಮೇಲೆ ಇಂಕು ಎಳೆದರೆ ಮುಗಿಯಿತು. ರಬ್ಬರು ಉಜ್ಜಿದರೆ ಇಂಕಿನ ಕಪ್ಪೂ ಮಂಕಾಗುತ್ತದೆ, ಆ ತಾಪತ್ರಯ ತಪ್ಪುತ್ತಿತ್ತು. ನಮಗೆ ಲಾಭ ಏನಪ್ಪಾ ಅಂದರೆ, ಕಲಾವಿದರು ಮೊದಲು ತಲೆಯನ್ನು ಎಲ್ಲಿಟ್ಟಿದ್ದರು, ಆಮೇಲೆ ಎಲ್ಲಿಗೆ ಸರಿಸಿದರು ಅನ್ನುವುದು ಇವತ್ತಿಗೂ ಕಾಣುತ್ತದೆ.

ಪ್ರಶ್ನೆ: ಶುಲ್ಜ್ ಅವರ ಕೊನೆಯ ವರ್ಷಗಳ ಚಿತ್ರದಲ್ಲಿ ಗೆರೆ ನಡುಗುತ್ತದೆ. ಸಂಭ್ರಮದ ಪುಸ್ತಕದಲ್ಲಿ ಅಂಥವನ್ನು ಯಾಕೆ ಹಾಕಬೇಕು? ನೋಡಿ ಬೇಜಾರಾಯಿತು.

ಉತ್ತರ: ಹಾಕಲೇಬೇಕು. 1981ರಲ್ಲಿ ಅವರಿಗೆ ಹೃದಯದ ಬೈಪಾಸ್ ಸರ್ಜರಿ ಆಯಿತು. ಆಮೇಲಿನ ವರ್ಷಗಳಲ್ಲಿ ಕೈ ನಡುಕ ಶುರುವಾಯಿತು. ಆದರೂ ಪೆನ್ನನ್ನು ಬೇರೆಯವರ ಕೈಗೆ ಕೊಡಲಿಲ್ಲ. ನಡುಗುವ ಕೈಯಲ್ಲೇ ದಿನಕ್ಕೊಂದು ಸ್ಟ್ರಿಪ್. 1997ರಲ್ಲಿ, ಎಪ್ಪತ್ತೈದು ತುಂಬುವಾಗ, ಐದು ವಾರ ರಜೆ ತಗೊಂಡರು. ಅಷ್ಟು ವರ್ಷದ ದುಡಿಮೆಯಲ್ಲಿ ಅದೊಂದೇ ರಜೆ. ಕೊನೆಯ ಭಾನುವಾರದ ಸ್ಟ್ರಿಪ್ ಅಚ್ಚಾಗಿ ಮನೆಗಳಿಗೆ ಬರುವ ಹಿಂದಿನ ರಾತ್ರಿ ತೀರಿಕೊಂಡರು.

ಆ ಗೆರೆಯನ್ನು ಇನ್ನೊಮ್ಮೆ ನೋಡಿ. ಅಲೆಅಲೆಯಾಗಿದೆ, ನಿಜ. ಆದರೆ ಕಣ್ಣಿನ ಚುಕ್ಕೆ ಇರಬೇಕಾದ ಜಾಗದಲ್ಲೇ ಇದೆ. ಬಾಯಿಯ ಒಂದು ಸಣ್ಣ ಗೆರೆಯಲ್ಲಿ ಇಡೀ ಬೇಸರ ಬಂದಿದೆ. ಕೈ ಮಾತು ಕೇಳದಿದ್ದರೂ ಆ ಮುಖ ಹೇಗಿರಬೇಕು ಅನ್ನುವುದು ಅವರಿಗೆ ಪಕ್ಕಾ ಗೊತ್ತಿತ್ತು. ಈ ಪುಟಗಳನ್ನು ಬಿಟ್ಟರೆ ಅದು ಅರ್ಧ ಜೀವನದ ಪುಸ್ತಕ. ಕಂಪ್ಯೂಟರಿನಲ್ಲಿ ಗೆರೆಯನ್ನು ನಯ ಮಾಡಿ ಹಾಕಿದ್ದರೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆ.

ಪ್ರಶ್ನೆ: ನಮ್ಮ ತಂದೆ ಬಹಳ ವರ್ಷ ಪತ್ರಿಕೆಗೆ ಸ್ಟ್ರಿಪ್ ಬರೆದವರು. ಮೂಲ ಚಿತ್ರಗಳು ಪೆಟ್ಟಿಗೆಯಲ್ಲಿವೆ. ಪುಸ್ತಕ ಮಾಡಬೇಕೆಂದಿದ್ದೇವೆ. ವಿನ್ಯಾಸ ಮಾಡುವವರು ಎಲ್ಲವನ್ನೂ ‘ಕ್ಲೀನ್’ ಮಾಡಿಕೊಡುತ್ತೇನೆ ಅನ್ನುತ್ತಾರೆ.

ಉತ್ತರ: ಬೇಡ ಅಂತ ಈಗಲೇ ಹೇಳಿಬಿಡಿ. ಕಪ್ಪು ಬಿಳುಪು ಚಿತ್ರವಾದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿಸಿ, 600 ಡಿಪಿಐ (ಅಂದರೆ ಇಂಚಿಗೆ 600 ಚುಕ್ಕೆ) ಇರಲಿ. ಅಂಚಿನ ಟಿಪ್ಪಣಿ, ಅಳತೆ, ಸಂಪಾದಕರ ಗುರುತು ಯಾವುದನ್ನೂ ಕತ್ತರಿಸಬೇಡಿ. ಕೆಲವು ಪುಟಗಳನ್ನಾದರೂ ಮೂಲದ ಅಳತೆಯಲ್ಲೇ ಹಾಕಿ. ಪತ್ರಿಕೆಯಲ್ಲಿ ಬಂದ ಅಳತೆಯದೂ ಒಂದು ಪಕ್ಕದಲ್ಲಿರಲಿ. ಸ್ಟ್ರಿಪ್ ಅಡ್ಡಕ್ಕೆ ಉದ್ದ ಇರುವುದರಿಂದ ಪುಸ್ತಕವೂ ಅಡ್ಡಕ್ಕೇ ಇದ್ದರೆ ಒಳ್ಳೆಯದು. ಇಲ್ಲವಾದರೆ ಚಿತ್ರ ಎರಡು ಪುಟಕ್ಕೆ ಹರಡಿ, ನಡುವಿನ ಮುಖ ಹೊಲಿಗೆಯ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಎಷ್ಟೋ ದುಬಾರಿ ಪುಸ್ತಕಗಳು ಕೆಟ್ಟಿರುವುದು ಇದೊಂದರಿಂದ. ಹೊಗಳಿಕೆಯ ಲೇಖನ ಒಂದು ಸಾಕು. ಆ ಜಾಗಕ್ಕೆ ತಂದೆಯವರ ಕರಡುಗಳನ್ನು ಹಾಕಿ, ಅಚ್ಚಾಗದೆ ಉಳಿದವನ್ನೂ ಸೇರಿಸಿ.

ಪ್ರತಿ ಚಿತ್ರದ ತಾರೀಕು ಹುಡುಕಿ ಬರೆದಿಡಿ. ಚಿತ್ರದ ಹಿಂದೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್‌ನಲ್ಲಿ, ಹಗುರವಾಗಿ, ಬಾಲ್ ಪೆನ್ ಬೇಡ. ಹಳೆಯ ಸೆಲೊಟೇಪ್ ಅಂಟಿದ್ದರೆ ನೀವೇ ಕೀಳಲು ಹೋಗಬೇಡಿ, ಕಾಗದದ ಮೇಲ್ಪದರ ಇಂಕಿನ ಸಮೇತ ಎದ್ದು ಬರುತ್ತದೆ. ಅದನ್ನು ಹಳೆಯ ಕಾಗದ ಸರಿಪಡಿಸುವ ಪರಿಣತರ ಕೈಗೇ ಕೊಡಿ.