ಸನದು ಸಿಕ್ಕಿತು, ಸೀನಿಯರ್ ಸಿಗಲಿಲ್ಲ

ಓದುಗರ ಪತ್ರ: ಎಲ್‌ಎಲ್‌.ಬಿ. ಮುಗಿಸಿ ಸನದು (ವಕೀಲಿ ಮಾಡುವ ಪರವಾನಗಿ) ಪಡೆದು ಐದು ತಿಂಗಳಾಯಿತು. ನಮ್ಮ ಮನೆತನದಲ್ಲಿ ಕರಿಕೋಟು ಹಾಕಿದವರು ಯಾರೂ ಇಲ್ಲ. ರಾಯಚೂರಿನಲ್ಲಿ ಆರು ಕಚೇರಿಗಳಿಗೆ ಹೋಗಿ, ‘ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷದ ಅನುಭವ ಬೇಕು, ಜೂನಿಯರ್ ಆಗಿ ಸೇರಿಸಿಕೊಳ್ಳಿ’ ಎಂದು ಕೇಳಿದೆ. ಐದು ಕಡೆ ‘ನೋಡೋಣಮ್ಮ’ ಎಂದರು. ಒಬ್ಬರು ‘ಬಾ, ಆದರೆ ದುಡ್ಡು ಕೇಳಬೇಡ’ ಎಂದರು. ರಾತ್ರಿ ತಡವಾಗಿ ಕಚೇರಿಯಲ್ಲಿರುವುದು ಮನೆಯವರಿಗೆ ಒಪ್ಪಿಗೆಯಿಲ್ಲ. ಬೆಂಗಳೂರಿಗೆ ಹೋಗಿಬಿಡಲೇ? — ಓದುಗರು, ಸಿಂಧನೂರು ತಾಲ್ಲೂಕು

ಸಂಪಾದಕರ ಉತ್ತರ:

ಸದ್ಯಕ್ಕೆ ಬೆಂಗಳೂರು ಬೇಡ. ರಾಯಚೂರೂ ಬೇಡ. ಮೊದಲು ನಿಮ್ಮೂರಿನ ಸಿಂಧನೂರು ಕೋರ್ಟಿನಲ್ಲೇ ಹುಡುಕಿ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇವೆ. ಅದಕ್ಕೂ ಮುಂಚೆ, ಐದು ಬಾಗಿಲು ಮುಚ್ಚಿದ ಕಾರಣ ನಿಮ್ಮ ಪತ್ರದಲ್ಲೇ ಇದೆ, ಅದನ್ನು ನೋಡೋಣ.

ಹೊಸ ವಕೀಲರಿಗೆ ತರಬೇತಿ ಕೊಡಲೇಬೇಕೆಂಬ ಕಟ್ಟುಪಾಡು ಯಾವ ಹಿರಿಯರ ಮೇಲೂ ಇಲ್ಲ. ಸನದಿಗೆ ಮುಂಚೆ ಒಂದು ವರ್ಷದ ತರಬೇತಿ ಕಡ್ಡಾಯ ಎಂದು ಭಾರತೀಯ ವಕೀಲರ ಪರಿಷತ್ತು 1995ರಲ್ಲಿ ನಿಯಮ ಮಾಡಿತ್ತು. 1999ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಹಾಗಾಗಿ ‘ಜೂನಿಯರ್ ಹುದ್ದೆ’ ಎಂಬುದು ನಮ್ಮ ಜಿಲ್ಲೆಗಳಲ್ಲಿ ಎಲ್ಲೂ ಖಾಲಿ ಇರುವುದಿಲ್ಲ, ಜಾಹೀರಾತೂ ಬರುವುದಿಲ್ಲ. ಒಂದು ಕಚೇರಿಗೆ ಕೈ ಸಾಲದಾದಾಗ ಮಾತ್ರ ಜಾಗ ಹುಟ್ಟುತ್ತದೆ. ನೀವು ಹೋಗಿ ಕೇಳಿದ್ದು ನಿಮಗೆ ಬೇಕಾದ ಸರ್ಟಿಫಿಕೇಟನ್ನು. ಅವರಿಗೆ ಬೇಕಾದ ಕೆಲಸದ ಮಾತು ಬರಲೇ ಇಲ್ಲ. ‘ಕಲಿಸಿದ ಮೇಲೆ ಹೊರಟುಹೋಗುತ್ತಾಳೆ’ ಎಂದು ಅವರು ಅಂದುಕೊಂಡರೆ ತಪ್ಪು ಹೇಳಲಾಗದು. ಪರೀಕ್ಷೆಯ ಆಸೆಯನ್ನು ಮುಚ್ಚಿಡಬೇಡಿ. ಆದರೆ ಮೊದಲ ಮಾತು ಕೆಲಸದ್ದಾಗಿರಲಿ.

ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷದ ವಕೀಲಿ ಬೇಕೆಂದ ಸುಪ್ರೀಂ ಕೋರ್ಟಿನ 2025ರ ಮೇ 20ರ ತೀರ್ಪು ಏನು ಹೇಳುತ್ತದೆ ಎಂಬುದನ್ನೂ ಸರಿಯಾಗಿ ತಿಳಿದುಕೊಳ್ಳಿ. ಮೂರು ವರ್ಷದ ಲೆಕ್ಕ ಶುರುವಾಗುವುದು ವಕೀಲರ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿಯಾದ ದಿನದಿಂದ. ಹಾಗಾಗಿ ಈ ಐದು ತಿಂಗಳು ಲೆಕ್ಕದಿಂದ ಹೊರಗಲ್ಲ. ಆದರೆ ವಕೀಲಿ ಮಾಡಿದ್ದೀರಿ ಎಂದು ದೃಢೀಕರಿಸಲು ಆ ಕೋರ್ಟಿನ ಪ್ರಧಾನ ನ್ಯಾಯಾಧೀಶರು ಬೇಕು; ಇಲ್ಲವೇ ಕನಿಷ್ಠ 10 ವರ್ಷ ವೃತ್ತಿಯಲ್ಲಿರುವ ವಕೀಲರು ಕೊಟ್ಟ ಪತ್ರಕ್ಕೆ ಪ್ರಧಾನ ನ್ಯಾಯಾಧೀಶರ ಅನುಮೋದನೆ ಬೇಕು. ಅಂದರೆ ಎಂಟು ವರ್ಷದ ಅನುಭವದವರ ಬಳಿ ಚೆನ್ನಾಗಿ ಕಲಿಯಬಹುದು, ಪತ್ರಕ್ಕೆ ಮಾತ್ರ ಬೇರೆಯವರನ್ನು ಹುಡುಕಬೇಕಾಗುತ್ತದೆ. ಅಖಿಲ ಭಾರತ ಬಾರ್ ಪರೀಕ್ಷೆಯನ್ನೂ (ಎಐಬಿಇ) ನೋಂದಣಿಯಾದ ಎರಡು ವರ್ಷದೊಳಗೆ ಪಾಸು ಮಾಡಬೇಕು. ನೂರು ಪ್ರಶ್ನೆ, ಸಾಮಾನ್ಯ ಮತ್ತು ಹಿಂದುಳಿದ ವರ್ಗದವರಿಗೆ ಶೇ 45, ಪರಿಶಿಷ್ಟರಿಗೆ ಶೇ 40 ಅಂಕ ಸಾಕು. ಅದನ್ನು ಕೊನೆಯ ಗಳಿಗೆಗೆ ಬಿಡಬೇಡಿ.

ಈಗ ಹುಡುಕುವ ಬಗೆ. ಹೆಸರು ಕೇಳಿಕೊಂಡು ಕಚೇರಿಗೆ ಹೋಗಬೇಡಿ, ಕೋರ್ಟ್ ಹಾಲಿನಲ್ಲಿ ಕೂತು ನೋಡಿ. ಎರಡು ವಾರ ಬೆಳಿಗ್ಗೆ 11ಕ್ಕೇ ಹೋಗಿ. ಹಿಂದಿನ ರಾತ್ರಿ ಇ-ಕೋರ್ಟ್ಸ್ ಆ್ಯಪಿನಲ್ಲಿ ಕಾಸ್ ಲಿಸ್ಟ್ (ಮರುದಿನದ ಕೇಸುಗಳ ಪಟ್ಟಿ) ನೋಡಿ, ಸಾಕ್ಷಿ ಹಂತದಲ್ಲಿರುವ ಕೇಸುಗಳನ್ನು ಗುರುತು ಮಾಡಿಕೊಳ್ಳಿ. ಪಾಟಿ ಸವಾಲನ್ನು ತಾವೇ ಮಾಡುವವರು ಯಾರು, ಬರೀ ತಾರೀಖು ತೆಗೆದುಕೊಂಡು ಹೋಗುವವರು ಯಾರು, ಯಾರ ಜೂನಿಯರ್‌ಗೆ ಎದ್ದು ನಿಂತು ನಾಲ್ಕು ಮಾತಾಡುವ ಅವಕಾಶವಿದೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ಏಕಕಾಲಕ್ಕೆ ಎರಡು ಹಾಲಿನಲ್ಲಿ ತಮ್ಮ ಕೇಸು ಕೂಗಿದಾಗ ಗುಮಾಸ್ತರನ್ನು ಅಲ್ಲಿಂದಿಲ್ಲಿಗೆ ಓಡಿಸುವ ವಕೀಲರು ಒಬ್ಬರಾದರೂ ಕಾಣುತ್ತಾರೆ. ಹದಿನೈದಿಪ್ಪತ್ತು ವರ್ಷದ ಅನುಭವ, ಒಬ್ಬನೇ ಗುಮಾಸ್ತ, ಜೂನಿಯರ್ ಇಲ್ಲ ಎಂದರೆ ನೀವು ಹುಡುಕುತ್ತಿರುವವರು ಅವರೇ. ದೊಡ್ಡ ಹೆಸರಿನ ಕಚೇರಿಯಲ್ಲಿ ಐದಾರು ಜೂನಿಯರ್‌ಗಳ ಹಿಂದೆ ಫೈಲು ಹೊತ್ತು ನಿಂತರೆ ವರ್ಷವಾದರೂ ವಾದಪತ್ರದ (ದಾವೆ ಹೂಡುವ ಅರ್ಜಿಯ) ಕರಡು ನಿಮ್ಮ ಕೈಗೆ ಬರಲಿಕ್ಕಿಲ್ಲ.

ಅವರ ಬಳಿ ಹೋಗುವಾಗ ಬಯೋಡೇಟಾ ಒಂದು ಪುಟ ಸಾಕು. ಅದರ ಜೊತೆಗೆ ನೀವೇ ಕನ್ನಡದಲ್ಲಿ ಬರೆದ ಎರಡು ಕರಡು ಒಯ್ಯಿರಿ. ನಮ್ಮ ಮಟ್ಟಿಗೆ ಇಡೀ ಪ್ರಯತ್ನದಲ್ಲಿ ಹೆಚ್ಚು ಬೆಲೆಯುಳ್ಳದ್ದು ಇದೇ.

ಒಂದು, ಪಾಲು ದಾವೆಯ ವಾದಪತ್ರ. ವಂಶವೃಕ್ಷ ಬರೆಯುವಾಗ ಹೊಸಬರು ಮದುವೆಯಾದ ಹೆಣ್ಣುಮಕ್ಕಳನ್ನು ಬಿಟ್ಟುಬಿಡುತ್ತಾರೆ. 2005ರ ತಿದ್ದುಪಡಿಯ ನಂತರ ಮಗಳೂ ಹುಟ್ಟಿನಿಂದಲೇ ಪಾಲುದಾರಳು; ಅವಳನ್ನು ಪಕ್ಷಗಾರಳನ್ನಾಗಿ ಮಾಡದಿದ್ದರೆ ಎದುರಿನವರ ಮೊದಲ ತಕರಾರೇ ಅದು. ಎರಡನೆಯ ತಪ್ಪು, ಊರೊಳಗಿನ ಮನೆ, ಖಾಲಿ ಜಾಗ ಬಿಟ್ಟು ಹೊಲವನ್ನಷ್ಟೇ ಶೆಡ್ಯೂಲಿಗೆ (ಆಸ್ತಿಗಳ ಪಟ್ಟಿಗೆ) ಹಾಕುವುದು. ಸರ್ವೆ ನಂಬರ್, ಹಿಸ್ಸಾ, ಎಕರೆ-ಗುಂಟೆಗಳನ್ನು ಪಹಣಿ ಮುಂದಿಟ್ಟುಕೊಂಡೇ ಬರೆಯಿರಿ. ಚೆಕ್ಕುಬಂದಿಯನ್ನು (ನಾಲ್ಕೂ ದಿಕ್ಕಿನ ಗಡಿಯನ್ನು) ಕಕ್ಷಿದಾರರ ಬಾಯಿಮಾತಿನ ಮೇಲೆ ಬರೆದರೆ ಮುಂದೆ ಕೋರ್ಟ್ ನೇಮಿಸಿದ ಕಮಿಷನರ್ ಅಳತೆಗೆ ಬಂದಾಗ ತಾಳೆಯಾಗುವುದಿಲ್ಲ. ಇನ್ನು ಕೋರ್ಟ್ ಫೀ. 1958ರ ಕರ್ನಾಟಕ ಕಾಯ್ದೆಯ 35ನೇ ಕಲಮಿನಲ್ಲಿ, ಜಂಟಿ ಸ್ವಾಧೀನದಲ್ಲಿರುವವರಿಗೆ ಒಂದು ಲೆಕ್ಕ, ಸ್ವಾಧೀನದಿಂದ ಹೊರಗೆ ಹಾಕಲ್ಪಟ್ಟವರಿಗೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಇನ್ನೊಂದು ಲೆಕ್ಕ. ‘ನಮ್ಮನ್ನು ಹೊಲದಿಂದ ಓಡಿಸಿದ್ದಾರೆ’ ಎಂದು ಒಂದು ಪ್ಯಾರಾದಲ್ಲಿ ಬರೆದು ಜಂಟಿ ಸ್ವಾಧೀನದ ಫೀ ಕಟ್ಟಿದರೆ ಆಕ್ಷೇಪಣೆ ಬರುತ್ತದೆ.

ಎರಡು, ಚೆಕ್ ಬೌನ್ಸ್ ನೋಟಿಸು. ಚೆಕ್ ಮರಳಿದೆ ಎಂಬ ಬ್ಯಾಂಕಿನ ಮೆಮೊ ಕೈಸೇರಿ 30 ದಿನದೊಳಗೆ ನೋಟಿಸು, ನೋಟಿಸು ತಲುಪಿದ ಮೇಲೆ ಹಣ ಕೊಡಲು 15 ದಿನ, ಆ ಗಡುವು ಮುಗಿದು ಒಂದು ತಿಂಗಳೊಳಗೆ ದೂರು. 15 ದಿನವನ್ನು ಪೋಸ್ಟಿಗೆ ಹಾಕಿದ ದಿನದಿಂದ ಎಣಿಸಿ, ಗಡುವು ಮುಗಿಯುವ ಮುಂಚೆಯೇ ದೂರು ಕೊಟ್ಟರೆ ಅದು ನಿಲ್ಲುವುದಿಲ್ಲ. ಕರಡಿನ ಕೊನೆಗೆ ಈ ತಾರೀಖುಗಳ ಪಟ್ಟಿ ಹಚ್ಚಿ. ಕೆಲಸ ಬಲ್ಲ ಸೀನಿಯರ್ ಮೊದಲು ನೋಡುವುದು ಅದನ್ನೇ.

‘ಸರ್, ನೀವು ಆ ಹಾಲಿನಲ್ಲಿದ್ದಾಗ ಈ ಹಾಲಿನ ಕೇಸು ನಾನು ನೋಡಿಕೊಳ್ಳುತ್ತೇನೆ. ನಕಲು ಅರ್ಜಿ, ಫೈಲಿನ ಇಂಡೆಕ್ಸ್, ಕನ್ನಡ ಟೈಪಿಂಗ್ ಮಾಡುತ್ತೇನೆ. ಒಂದು ತಿಂಗಳು ನೋಡಿ’ ಎಂದು ಕೇಳಿ. ಸಿವಿಲ್ ಕೋರ್ಟುಗಳು ಬೇಸಿಗೆ ರಜೆ ಮುಗಿಸಿ ತೆರೆಯುವ ಹೊತ್ತು ಇದಕ್ಕೆ ಒಳ್ಳೆಯದು, ಆಗ ಕೆಲಸ ಒಟ್ಟಿಗೆ ಮೈಮೇಲೆ ಬರುತ್ತದೆ.

ಸಿಂಧನೂರು ಎಂದು ಹೇಳಿದ್ದಕ್ಕೆ ಮುಖ್ಯ ಕಾರಣ ನಿಮ್ಮ ಸಂಜೆ. ವಕೀಲರ ಕಚೇರಿ ನಿಜವಾಗಿ ನಡೆಯುವುದೇ ಸಂಜೆ ಆರರಿಂದ ಒಂಬತ್ತರವರೆಗೆ. ರಾಯಚೂರಿನಿಂದ 80 ಕಿ.ಮೀ.ಗೂ ಹೆಚ್ಚು ದೂರ ಬಸ್ಸಿನಲ್ಲಿ ಮನೆಗೆ ಬರುವವರು ಸಂಜೆ ಐದೂವರೆಗೇ ಕಚೇರಿಯಿಂದ ಏಳಬೇಕು, ಹಾಗೆ ಎದ್ದರೆ ಕಲಿಯುವ ಹೊತ್ತೇ ತಪ್ಪುತ್ತದೆ. ನಿಮ್ಮೂರಲ್ಲಾದರೆ ಏಳೂವರೆವರೆಗೆ ಕೂತು, ಉಳಿದ ಟೈಪಿಂಗನ್ನು ಮನೆಯಲ್ಲಿ ಮಾಡುತ್ತೇನೆ ಎಂದು ಮೊದಲ ದಿನವೇ ಹೇಳಬಹುದು. ಈಗಾಗಲೇ ಹೆಣ್ಣುಮಕ್ಕಳು ಕೆಲಸ ಮಾಡಿರುವ ಕಚೇರಿಯಾದರೆ ಇನ್ನೂ ಮೇಲು. ಅವರನ್ನೇ ಹೋಗಿ ವಿಚಾರಿಸಿ. ಹೈಕೋರ್ಟ್ ನೋಡಬೇಕೆಂಬ ಹಂಬಲವಿದ್ದರೂ ಬೆಂಗಳೂರು ದೂರದ ದಾರಿ. ರಾಯಚೂರು ಜಿಲ್ಲೆಯ ಮೇಲ್ಮನವಿಗಳು ಹೋಗುವುದು ಕಲಬುರಗಿ ಪೀಠಕ್ಕೆ. ಬಳ್ಳಾರಿ, ಕೊಪ್ಪಳದವು ಧಾರವಾಡ ಪೀಠಕ್ಕೆ.

ಈ ಸೀಮೆಯಲ್ಲಿ ಎರಡು ಭಾಷೆಗೆ ವಿಶೇಷ ಬೆಲೆಯಿದೆ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಡಳಿತದಲ್ಲಿದ್ದವು. ಹಳೆಯ ಜಮೀನು ದಾಖಲೆ ಉರ್ದುವಿನಲ್ಲಿವೆ. ಅದನ್ನು ಓದಬಲ್ಲ ಯುವ ವಕೀಲರು ಕಡಿಮೆ. ಆರು ತಿಂಗಳು ಲಿಪಿ ಕಲಿತರೂ ಹೆಸರು, ಸರ್ವೆ ನಂಬರ್ ಗುರುತಿಸುವಷ್ಟಾಗುತ್ತದೆ. ಕಾಲುವೆ ಬದಿಯ ಕ್ಯಾಂಪುಗಳ (ಆಂಧ್ರದಿಂದ ಬಂದ ರೈತರು ನೆಲೆಸಿದ ಊರುಗಳ) ಕಕ್ಷಿದಾರರೊಂದಿಗೆ ತೆಲುಗು ಮಾತಾಡಬಲ್ಲಿರಾದರೆ ಅದನ್ನೂ ಹೇಳಿಕೊಳ್ಳಿ.

ದುಡ್ಡಿನ ವಿಚಾರ. ‘ಕೇಳಬೇಡ’ ಎಂದವರ ಮಾತನ್ನು ಸಂಪ್ರದಾಯವೆಂದು ಒಪ್ಪಬೇಕಿಲ್ಲ. ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸಲಹೆ ಮಾಡಿದೆ. ಅದು ಸಲಹೆಯಷ್ಟೇ, ತಾಲ್ಲೂಕಿನಲ್ಲಿ ಅಷ್ಟು ಸಿಗುವುದು ಕಷ್ಟ. ಆದರೂ ಮೊದಲ ತಿಂಗಳು ಮುಗಿದಾಗ ಬಾಯಿಬಿಟ್ಟು ಮಾತಾಡಿ: ಓಡಾಟದ ಖರ್ಚು ಈಗಿನಿಂದ, ಮೂರು ತಿಂಗಳ ನಂತರ ಗೊತ್ತಾದ ಒಂದು ಮೊತ್ತ, ನೀವೇ ಬರೆದ ನೋಟಿಸಿನ ಫೀಯಲ್ಲಿ ಪಾಲು. ಜೆರಾಕ್ಸು, ಸ್ಟಾಂಪು, ನಕಲು ಫೀ ನಿಮ್ಮ ಕೈಯಿಂದ ಹೋಗಕೂಡದು, ಅವು ಕಕ್ಷಿದಾರರ ಖರ್ಚು. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳಲ್ಲಿ ಕಾನೂನು ಪದವೀಧರರಿಗೆ ತರಬೇತಿ ಭತ್ಯೆಯ ಯೋಜನೆಗಳಿವೆ. ವಯಸ್ಸು, ಆದಾಯ, ಪದವಿ ಮುಗಿದ ವರ್ಷಕ್ಕೆ ಮಿತಿ ಇರುವುದರಿಂದ ಜಿಲ್ಲಾ ಕಚೇರಿಯಲ್ಲಿ ಈ ತಿಂಗಳೇ ವಿಚಾರಿಸಿ. ತಡವಾದರೆ ಅರ್ಹತೆಯೇ ಹೋಗಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸಹಾಯಕ ಕಾನೂನು ನೆರವು ಅಭಿರಕ್ಷಕರ (ಉಚಿತ ನೆರವು ಪಡೆಯುವ ಆರೋಪಿಗಳ ಪರ ವಾದಿಸುವ ವಕೀಲರ) ಹುದ್ದೆ ಮೂರು ವರ್ಷದೊಳಗಿನ ಅನುಭವದವರಿಗೇ ಇರುವಂಥದ್ದು. ಗೌರವಧನ ಸಿಗುತ್ತದೆ, ಕ್ರಿಮಿನಲ್ ಕೇಸುಗಳ ಅಭ್ಯಾಸ ಸಿಗುತ್ತದೆ. ಅಲ್ಲಿರುವಷ್ಟು ದಿನ ಖಾಸಗಿ ಕೇಸು ಹಿಡಿಯುವಂತಿಲ್ಲ.

ಸೇರಿದ ದಿನದಿಂದ ಪ್ರತಿ ವಕಾಲತ್ತಿನಲ್ಲೂ ಸೀನಿಯರ್ ಹೆಸರಿನ ಕೆಳಗೆ ನಿಮ್ಮ ಹೆಸರು, ಸನದಿನ ಸಂಖ್ಯೆ, ಸಹಿ ಇರಲಿ. ತಾರೀಖು, ಕೇಸ್ ನಂಬರ್, ಯಾವ ಕೋರ್ಟು, ಏನು ನಡೆಯಿತು ಎಂದು ದಿನಕ್ಕೊಂದು ಸಾಲು ಡೈರಿಯಲ್ಲಿ ಬರೆಯಿರಿ. ಮೂರು ವರ್ಷದ ಬಳಿಕ ಅನುಭವದ ಪತ್ರಕ್ಕೆ ನ್ಯಾಯಾಧೀಶರ ಮುಂದೆ ನಿಲ್ಲುವಾಗ ಕೈಯಲ್ಲಿ ತೋರಿಸಲಿಕ್ಕೆ ಇರುವುದು ಅಷ್ಟೇ. ಪಾಲು ದಾವೆಯ ಕರಡು ಬರೆದಾದ ಮೇಲೆ ನಮಗೂ ಒಂದು ಪ್ರತಿ ಕಳಿಸಿ, ತಿದ್ದಿ ಮರಳಿಸುತ್ತೇವೆ.