ಗ್ರಂಥಾಲಯದಲ್ಲಿ ಕೇಳಿ ಪಡೆಯಿರಿ

ಸಾರ್ವಜನಿಕ ಗ್ರಂಥಾಲಯಗಳ ಬಗ್ಗೆ ಓದುಗರು ಕೇಳಿದ ನಾಲ್ಕು ಪ್ರಶ್ನೆಗಳಿಗೆ ಈ ಸಲ ಉತ್ತರ.

ನಮ್ಮೂರ ಗ್ರಂಥಾಲಯದಲ್ಲಿ ಯಾವಾಗ ನೋಡಿದರೂ ಗಂಡಸರೇ ಪೇಪರ್ ಓದುತ್ತ ಕೂತಿರುತ್ತಾರೆ. ಒಳಗೆ ಹೋಗಲು ಸಂಕೋಚ. ಸದಸ್ಯಳಾಗದೆ ಓದಬಹುದೇ? ಪುಸ್ತಕ ಮನೆಗೆ ತರುವುದು ಹೇಗೆ? – ಗೃಹಿಣಿ, ತರೀಕೆರೆ

ಧಾರಾಳವಾಗಿ ಹೋಗಿ. ಅಲ್ಲೇ ಕೂತು ಓದಲು ಸದಸ್ಯತ್ವ ಬೇಡ. ಬಾಗಿಲ ಬಳಿ ಇಟ್ಟಿರುವ ವಹಿಯಲ್ಲಿ ಹೆಸರು ಬರೆದರೆ ಸಾಕು. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ, ಅದರಲ್ಲಿ ಗ್ರಂಥಾಲಯ ಕರವೂ ಸೇರಿರುತ್ತದೆ. 1965ರ ಗ್ರಂಥಾಲಯ ಕಾಯ್ದೆಯಡಿ ಈಗ ಆಸ್ತಿ ತೆರಿಗೆಯ ರೂಪಾಯಿಗೆ 6 ಪೈಸೆಯಂತೆ ಇದನ್ನು ವಸೂಲು ಮಾಡುತ್ತಾರೆ. ಅಲ್ಲಿನ ಕುರ್ಚಿ, ಕಪಾಟುಗಳಲ್ಲಿ ನಿಮ್ಮ ಮನೆಯ ದುಡ್ಡೂ ಇದೆ.

ಪುಸ್ತಕ ಮನೆಗೆ ಒಯ್ಯಬೇಕಾದರೆ ಅರ್ಜಿ, ಫೋಟೊ, ವಿಳಾಸದ ದಾಖಲೆಯ ಜೆರಾಕ್ಸ್, ಸ್ವಲ್ಪ ಠೇವಣಿ ಕೊಡಬೇಕು. ಕೆಲವೆಡೆ ಜಾಮೀನುದಾರರ ಸಹಿಯನ್ನೂ ಕೇಳುತ್ತಾರೆ. ಸದಸ್ಯತ್ವ ಬಿಡುವಾಗ ಠೇವಣಿ ವಾಪಸು ಸಿಗುತ್ತದೆ. ಆದರೆ ರಸೀದಿ ಕಳೆದುಕೊಂಡವರು ಅಲ್ಲೇ ತೊಡಕಿಗೆ ಸಿಕ್ಕಿಕೊಳ್ಳುತ್ತಾರೆ, ಜೋಪಾನವಾಗಿಡಿ. ಹಲವೆಡೆ ಸೋಮವಾರ ರಜೆ, ಹೋಗುವ ಮೊದಲು ವಿಚಾರಿಸಿ.

ಪಟ್ಟಿಯಲ್ಲಿರುವ ಪುಸ್ತಕ ಕಪಾಟಿನಲ್ಲಿ ಸಿಗುವುದಿಲ್ಲ. ಬೆನ್ನ ಮೇಲಿನ ಅಂಕಿಗಳೂ ಅರ್ಥವಾಗುವುದಿಲ್ಲ. – ಪದವಿ ವಿದ್ಯಾರ್ಥಿ, ದಾವಣಗೆರೆ

ಆ ಅಂಕಿಯೇ ಪುಸ್ತಕದ ವಿಳಾಸ. ಪುಸ್ತಕಗಳನ್ನು ವಿಷಯಕ್ಕೊಂದು ಅಂಕಿ ಕೊಟ್ಟು ವಿಂಗಡಿಸುವ ಡ್ಯೂಯಿ ದಶಮಾಂಶ ಪದ್ಧತಿ ಬಳಸುವಲ್ಲಿ ಕನ್ನಡ ಸಾಹಿತ್ಯಕ್ಕೆ 894.814. ಅದರ ಮುಂದೆ 1 ಸೇರಿದರೆ ಕಾವ್ಯ, 2 ನಾಟಕ, 3 ಕಾದಂಬರಿ ಮತ್ತು ಕತೆ, 4 ಪ್ರಬಂಧ. ಹಾಗಾಗಿ ಕುವೆಂಪು ಅವರ ಕವನ ಸಂಕಲನ 894.8141ರಲ್ಲಿದ್ದರೆ ಕಾದಂಬರಿ 894.8143ರಲ್ಲಿರುತ್ತದೆ. ಒಬ್ಬರೇ ಲೇಖಕರ ಪುಸ್ತಕಗಳೆಲ್ಲ ಒಂದೇ ಕಡೆ ಇರುತ್ತವೆಂದು ಹುಡುಕಿದವರು ಬರಿಗೈಯಲ್ಲಿ ಬರುವುದು ಇದರಿಂದಲೇ. ಕರ್ನಾಟಕದ ಇತಿಹಾಸ ಬೇಕಿದ್ದರೆ 954.87 ನೋಡಿ.

ಚುಕ್ಕೆಯ ನಂತರದ್ದನ್ನು ಇಡೀ ಸಂಖ್ಯೆಯಾಗಿ ಓದಬೇಡಿ, ಒಂದೊಂದೇ ಅಂಕಿಯಾಗಿ ಹೋಲಿಸಿ. 894.9 ಚಿಕ್ಕದಾಗಿ ಕಂಡರೂ 894.8143ರ ನಂತರವೇ ಬರುತ್ತದೆ. ಕೆಳಗಿನ ಅಕ್ಷರಗಳು ಸಾಮಾನ್ಯವಾಗಿ ಲೇಖಕರ ಹೆಸರಿನವು. ಅಂಕಿ ಒಂದೇ ಆದಾಗ ಅಕ್ಷರದ ಕ್ರಮ ಹಿಡಿಯಿರಿ.

ಇಷ್ಟಾದರೂ ಸಿಗದಿದ್ದರೆ ಯಾರೋ ಒಯ್ದಿರಬಹುದು, ಬೈಂಡಿಂಗಿಗೆ ಹೋಗಿರಬಹುದು, ಅಲ್ಲೇ ಕೂತು ನೋಡಬೇಕಾದ ಪುಸ್ತಕಗಳ ಪರಾಮರ್ಶನ ವಿಭಾಗದಲ್ಲಿರಬಹುದು. ಇನ್ನೊಂದು ದೊಡ್ಡ ಕಾರಣ ಓದುಗರೇ. ಓದಿದ್ದನ್ನು ಕೈಗೆ ಸಿಕ್ಕ ಸಾಲಿಗೆ ತುರುಕಿದರೆ ಆ ಪುಸ್ತಕ ವರ್ಷಗಟ್ಟಲೆ ಯಾರಿಗೂ ಸಿಗದೆ ಹೋಗಬಹುದು. ಮೇಜಿನ ಮೇಲೆಯೇ ಬಿಟ್ಟು ಬನ್ನಿ, ಸಿಬ್ಬಂದಿ ಜಾಗಕ್ಕೆ ಸೇರಿಸುತ್ತಾರೆ. ಕೇಳಲು ಹಿಂಜರಿಯಬೇಡಿ. ಬೆಂಗಳೂರಿನಲ್ಲೇ ಕೊನೆಯ ವರ್ಷಗಳನ್ನು ಕಳೆದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು, ಓದುಗರ ಸಮಯ ಉಳಿಸಬೇಕು ಎನ್ನುವುದು. ನಿಮಗೆ ಪುಸ್ತಕ ಹುಡುಕಿಕೊಡುವುದು ಗ್ರಂಥಪಾಲಕರು ಮಾಡುವ ಉಪಕಾರವಲ್ಲ, ಅವರ ಕೆಲಸವೇ ಅದು.

ತಾತನ ಪುಸ್ತಕಗಳನ್ನು ದಾನ ಕೊಡಲು ಹೋದರೆ ಮೊದಲು ಪಟ್ಟಿ ತನ್ನಿ ಎಂದರು. ಕೊಡುವವರಿಗೂ ಇಷ್ಟು ಷರತ್ತೇ? – ಹುಬ್ಬಳ್ಳಿ

ಬೇಸರ ಸಹಜ. ಆದರೆ ಪುಸ್ತಕವೊಂದು ದಾಖಲಾತಿ ವಹಿಗೆ ಏರಿದ ಮೇಲೆ ಅದು ಸಾರ್ವಜನಿಕ ಆಸ್ತಿ. ಬೇಡವೆಂದು ಸುಮ್ಮನೆ ಎಸೆಯುವಂತಿಲ್ಲ. ಹಾಗಾಗಿ ತೆಗೆದುಕೊಳ್ಳುವ ಮೊದಲೇ ಆರಿಸಬೇಕು. ಹೆಸರು, ಲೇಖಕರು, ಪ್ರಕಾಶಕರು, ಮುದ್ರಣದ ವರ್ಷ, ಈಗಿನ ಸ್ಥಿತಿ ಬರೆದುಕೊಡಿ. ಹಳೆಯ ಪಠ್ಯಕ್ರಮದ ಗೈಡುಗಳನ್ನು ಬಿಟ್ಟುಬಿಡಿ. ಊರ ಜಾತ್ರೆಯ ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ, ಸ್ಥಳೀಯ ಇತಿಹಾಸದ ಕಿರುಹೊತ್ತಿಗೆಗಳನ್ನು ಮಾತ್ರ ಪಟ್ಟಿಯ ಮೊದಲಿಗೇ ಹಾಕಿ. ಇಂಥವು ಅಂಗಡಿಯಲ್ಲಿ ಸಿಗುವುದಿಲ್ಲ.

ಕೊಡುವ ಮುನ್ನ ಒಣ ಬ್ರಷ್ಷಿನಿಂದ ಧೂಳು ತೆಗೆದು ನೆರಳಿನಲ್ಲಿ, ಗಾಳಿಗೆ ಇಡಿ. ಬಿಸಿಲಿಗೆ ಹಾಕಿದರೆ ಹಳೆ ಕಾಗದ ಮುಟ್ಟಿದರೆ ಮುರಿಯುವಂತಾಗುತ್ತದೆ. ಸಣ್ಣ ತೂತು, ಪುಡಿ ಕಂಡ ಪುಸ್ತಕಗಳನ್ನು ಬೇರೆ ಇಡಿ, ಹುಳ ಉಳಿದವಕ್ಕೂ ಹರಡುತ್ತದೆ. ಹರಿದ ಹಾಳೆಗೆ ಸೆಲೊಟೇಪ್ ಖಂಡಿತ ಬೇಡ. ಅದರ ಅಂಟು ಹಳದಿಯಾಗಿ ಅಕ್ಷರಗಳನ್ನೇ ಕೆಡಿಸುತ್ತದೆ.

ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಶುಲ್ಕವಿದೆಯೇ? ನಮ್ಮಲ್ಲಿ ಬಾಗಿಲು ತೆರೆಯುವುದೇ ಅಪರೂಪ. – ಶಿಕ್ಷಕಿ, ಕೊಪ್ಪಳ ಜಿಲ್ಲೆ

2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಪಂಚಾಯಿತಿ ಗ್ರಂಥಾಲಯಗಳು 2019ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೆಳಗಿವೆ. ಆದ್ದರಿಂದ ದೂರನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಬರೆದುಕೊಡಿ. ಯಾವ ದಿನ, ಎಷ್ಟು ಗಂಟೆಗೆ ಬೀಗ ಹಾಕಿತ್ತು ಎಂದು ದಿನಾಂಕ ಸಮೇತ ಬರೆಯಿರಿ. ‘ಸದಾ ಮುಚ್ಚಿರುತ್ತದೆ’ ಎಂಬ ದೂರನ್ನು ಬಾಯಿಮಾತಿನಲ್ಲೇ ತಳ್ಳಿಹಾಕುವುದು ಸುಲಭ. ದೂರಿನ ಒಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು, ಮುಂದಿನ ಗ್ರಾಮಸಭೆಯಲ್ಲಿ ಪೋಷಕರ ಜೊತೆ ನಿಂತು ಅದನ್ನೇ ಓದಿ, ನಡಾವಳಿಯಲ್ಲಿ ಬರೆಸಿ.